ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕ ಹಳೇ ಪ್ಯಾಟರ್ನ್, ಮೂರೂವರೆ ಮೀಟರ್ ಬಟ್ಟೆ: ಎಲ್ಲಿಂದ ಶುರು ಮಾಡಲಿ?

ಮೊದಲಟಾಕಾ

ದಿಂಬಿನ ಗವಸು, ಪರದೆ, ಒಂದೆರಡು ಕೈಚೀಲ ಬಿಟ್ಟರೆ ನಾನು ಇದುವರೆಗೆ ಬೇರೇನೂ ಹೊಲಿದವಳಲ್ಲ. ಕಳೆದ ತಿಂಗಳು ಅತ್ತೆಯ ಹಳೇ ಪೆಟ್ಟಿಗೆ ಖಾಲಿ ಮಾಡುವಾಗ ತಳದಲ್ಲಿ ಒಂದು ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಮಾದರಿಯಾಗಿಡುವ ಕಾಗದ) ಲಕೋಟೆ ಸಿಕ್ಕಿತು. 1950ರ ದಶಕದ ಫ್ರಾಕು. ಮುಂದೆ ಕೊರಳಿನಿಂದ ಸೊಂಟದವರೆಗೆ ಗುಂಡಿ, ಚಿಕ್ಕ ಕಾಲರು, ಸೊಂಟದ ಕೆಳಗೆ ಪೂರ್ತಿ ವೃತ್ತದ ಸ್ಕರ್ಟು. ಅತ್ತೆ ಅದನ್ನು ಹೊಲಿಯಬೇಕೆಂದು ತಂದವರು, ಒಮ್ಮೆಯೂ ಹೊಲಿಯಲೇ ಇಲ್ಲವಂತೆ. ಒಳಗಿನ ತೆಳು ಕಾಗದಗಳು ಮಡಿಚಿದ್ದು ಮಡಿಚಿದಂತೆಯೇ ಇವೆ. ಅದನ್ನು ನಾನೇ ಹೊಲಿದು ಉಟ್ಟು ಅವರ ಮುಂದೆ ನಿಲ್ಲಬೇಕು ಅನ್ನಿಸಿಬಿಟ್ಟಿದೆ.

ಸಣ್ಣ ಹೂವಿನ ಅಚ್ಚಿರುವ ಹತ್ತಿ ಪಾಪ್ಲಿನ್ ಮೂರೂವರೆ ಮೀಟರ್ ಇದೆ, ಅಗಲ 112 ಸೆಂ.ಮೀ. ಲಕೋಟೆ ಮೇಲೆ ಸೈಜ್ 14 ಎಂದಿದೆ, ಈಗಿನ ಪ್ಯಾಟರ್ನ್‌ಗಳಲ್ಲೂ ನನ್ನದು 14. ಹಾಗಾದರೆ ನೇರವಾಗಿ ಕತ್ತರಿಸಬಹುದಾ? ಕಾಗದದ ಮೇಲೆ ಗೆರೆ, ಅಕ್ಷರ ಏನೂ ಇಲ್ಲ, ಬರೀ ತೂತುಗಳು. ಅವು ಏನು ಹೇಳುತ್ತವೆ? ಉಳಿದ ಚೂರುಗಳಲ್ಲಿ ಅತ್ತೆಗೆ ಮತ್ತು ಮೂವರು ಗೆಳತಿಯರಿಗೆ ಏನಾದರೂ ಪುಟ್ಟ ಉಡುಗೊರೆ ಮಾಡುವ ಆಸೆಯೂ ಇದೆ. ಎರಡೂ ಈ ಬಟ್ಟೆಯಲ್ಲೇ ಆದೀತಾ?

ಹಳೇಸೂಜಿ

ಕತ್ತರಿ ಕೆಳಗಿಡಿ, ಸದ್ಯಕ್ಕೆ. ಆ 14 ನಿಮ್ಮ 14 ಅಲ್ಲ. 1940ರ ದಶಕದಲ್ಲೂ 50ರ ದಶಕದ ಮೊದಲ ಭಾಗದಲ್ಲೂ 14 ಅಂದರೆ ಎದೆ ಸುತ್ತಳತೆ 32 ಇಂಚು. ಈಗಿನ ಪ್ಯಾಟರ್ನ್‌ಗಳ 14ಕ್ಕೆ 36. ನಡುವೆ ಪ್ಯಾಟರ್ನ್ ಕಂಪನಿಗಳು ಸೈಜಿನ ಅಂಕಿಯನ್ನು ಹಾಗೇ ಉಳಿಸಿ ಅಳತೆಯನ್ನು ಬದಲಿಸಿದವು. ಹಾಗಾಗಿ ಹಳೇ ಲಕೋಟೆ ಕೈಗೆ ಬಂದಾಗ ಸೈಜ್ ನೋಡಲೇಬಾರದು, ಅದರ ಪಕ್ಕ ಅಚ್ಚಾಗಿರುವ ಎದೆಯ ಇಂಚು ನೋಡಬೇಕು.

ತೂತುಗಳ ಬಗ್ಗೆ: ಎಬೆನೆಜರ್ ಬಟ್ಟೆರಿಕ್ ಎಂಬ ಅಮೆರಿಕದ ದರ್ಜಿ 1863ರಲ್ಲಿ ಬೇರೆಬೇರೆ ಸೈಜಿನ ಕಾಗದದ ಪ್ಯಾಟರ್ನ್ ಮಾರಲು ಶುರು ಮಾಡಿದ. ಆಮೇಲೆ ಎಷ್ಟೋ ದಶಕ ಪ್ಯಾಟರ್ನ್ ಎಂದರೆ ಕತ್ತರಿಸಿ ತೂತು ಹೊಡೆದ ತೆಳು ಕಾಗದವೇ. ಮುದ್ರಿಸಿದ ಗೆರೆಗಳು ಆಮೇಲೆ ಬಂದವು, ಅವು ಬಂದ ಮೇಲೂ ಕೆಲವು ಕಂಪನಿಗಳು ತೂತನ್ನು ಬಿಡಲಿಲ್ಲ. ಒಂದೇ ಸಾಲಿನಲ್ಲಿರುವ ತೂತುಗಳು ಸಾಮಾನ್ಯವಾಗಿ ಎಳೆಯ ನೇರ (ಬಟ್ಟೆಯ ಉದ್ದದ ಎಳೆಯ ದಿಕ್ಕು) ತೋರಿಸುತ್ತವೆ, ತ್ರಿಕೋನದಂತೆ ಕೂಡುವ ಚಿಕ್ಕವು ಡಾಟ್, ಅಂದರೆ ಬಟ್ಟೆ ಮೈಗೆ ಹೊಂದಲೆಂದು ಹೊಲಿಯುವ ಚೂಪು ಮಡಿಕೆ. ಆದರೆ ಒಂದೊಂದು ಕಂಪನಿಯದು ಒಂದೊಂದು ಭಾಷೆ. ಲಕೋಟೆಯೊಳಗಿನ ಸೂಚನೆ ಹಾಳೆಯಲ್ಲಿ ಅದರ ಕೀಲಿ ಇರುತ್ತದೆ, ಮಾರ್ಜಿನ್ (ಹೊಲಿಗೆಯಿಂದ ಆಚೆಗೆ ಬಿಡುವ ಬಟ್ಟೆ) ಎಷ್ಟು ಎಂಬುದೂ ಅಲ್ಲೇ. ಈಗಿನಂತೆ ಎಲ್ಲೆಡೆ ಒಂದೂವರೆ ಸೆಂ.ಮೀ. ಇದೆ ಎಂದುಕೊಳ್ಳಬೇಡಿ.

ಮೂಲ ಕಾಗದವನ್ನು ಮುಟ್ಟದೆ ನಕಲು ತೆಗೆಯಿರಿ. ಹಬೆ ಇಲ್ಲದ ಉಗುರುಬೆಚ್ಚಗಿನ ಇಸ್ತ್ರಿಯಿಂದ ಸುಕ್ಕು ಬಿಡಿಸಿ, ಬೇರೆ ಕಾಗದದ ಮೇಲೆ ಹರಡಿ, ಸುತ್ತ ಗೆರೆ ಎಳೆದು ಪ್ರತಿ ತೂತನ್ನೂ ಗುರುತು ಮಾಡಿ. ನಿಮ್ಮ ಎದೆ 36 ಆದರೆ ನಾಲ್ಕು ಇಂಚು ಹೆಚ್ಚಬೇಕು, ಅಂದರೆ ಕಾಲುಭಾಗಕ್ಕೆ ಒಂದು ಇಂಚು. ಎಲ್ಲವನ್ನೂ ಪಕ್ಕದ ಹೊಲಿಗೆಯಲ್ಲೇ ತುರುಕಿದರೆ ಭುಜ ಕಿರಿದಾಗೇ ಉಳಿದು ಕಂಕುಳಲ್ಲಿ ಬಟ್ಟೆ ಗುಡ್ಡೆಯಾಗುತ್ತದೆ. ನಕಲನ್ನು ಭುಜದ ನಡುವಿನಿಂದ ಸೊಂಟದವರೆಗೆ ಸೀಳಿ ಅರ್ಧ ಇಂಚು ಬಿಡಿಸಿ, ಕಂಕುಳ ತಿರುವಿನಿಂದ ಸೊಂಟಕ್ಕೆ ಇನ್ನೊಮ್ಮೆ ಸೀಳಿ ಕಾಲು ಇಂಚು, ಉಳಿದ ಕಾಲು ಇಂಚು ಪಕ್ಕದಲ್ಲಿ. ತೋಳಿದ್ದರೆ ತೋಳನ್ನೂ ಅದಕ್ಕೆ ತಕ್ಕಂತೆ ಅಗಲಿಸಬೇಕು.

ಆಮೇಲೆ ಹಳೇ ಬೆಡ್‌ಶೀಟಿನಲ್ಲಿ ಮೇಲುಭಾಗವನ್ನಷ್ಟೇ ಕಚ್ಚಾ ಹೊಲಿದು ಹಾಕಿಕೊಂಡು ನೋಡಿ. ಆ ಕಾಲದ ಫ್ರಾಕುಗಳನ್ನು ಸೊಂಟ ಬಿಗಿಯುವ ಒಳ ಉಡುಪಿನ ಮೇಲೆ ತೊಡುತ್ತಿದ್ದರು, ಎದೆಯ ಡಾಟಿನ ತುದಿಯೂ ಈಗ ನಮಗೆ ಬೇಕಾದ್ದಕ್ಕಿಂತ ಮೇಲಿರುತ್ತದೆ. ಹಾಕಿಕೊಂಡು ನೋಡಿದರಷ್ಟೇ ತಿಳಿಯುವ ಸಂಗತಿಗಳು ಇವು.

ನೆರಿಗೆಲೆಕ್ಕ

ಬಟ್ಟೆ ಸಾಕಾಗುತ್ತದಾ ಎಂಬುದಕ್ಕೆ ನಾನು ಲೆಕ್ಕ ಹಾಕುತ್ತೇನೆ. ಸೊಂಟ ಎಷ್ಟು? ಉದ್ದ ಎಷ್ಟು ಬೇಕು?

ಮೊದಲಟಾಕಾ

ಸೊಂಟ 72 ಸೆಂ.ಮೀ., ಸ್ಕರ್ಟಿನ ಉದ್ದ 65. ಬಟ್ಟೆಯನ್ನು ನಿನ್ನೆ ಬಿಸಿನೀರಲ್ಲಿ ಒಗೆದು ಒಣಗಿಸಿದೆ. ಈಗ ಉದ್ದ 338, ಅಗಲ 110. ಇಷ್ಟು ಕುಗ್ಗುತ್ತದೆ ಅಂತ ಗೊತ್ತಿರಲಿಲ್ಲ.

ನೆರಿಗೆಲೆಕ್ಕ

ಒಗೆದದ್ದೇ ಒಳ್ಳೆಯದಾಯಿತು. ಹೊಲಿದ ಮೇಲೆ ಆ 12 ಸೆಂ.ಮೀ. ಕುಗ್ಗಿದ್ದರೆ ಸೊಂಟದಲ್ಲೇ ಗೊತ್ತಾಗುತ್ತಿತ್ತು.

ವೃತ್ತದ ಸ್ಕರ್ಟಿಗೆ ಬೇಕಾದ್ದು ಒಂದೇ ಸೂತ್ರ. ಸೊಂಟವನ್ನು 6.28ರಿಂದ ಭಾಗಿಸಿದರೆ ಒಳ ವೃತ್ತದ ತ್ರಿಜ್ಯ. 72ಕ್ಕೆ ಸುಮಾರು 11.5. ಇದು ಹೊಲಿಗೆ ಬೀಳುವ ಗೆರೆ. ಮಾರ್ಜಿನ್ ಒಂದೂವರೆ ಕಳೆದು ಕತ್ತರಿಸುವ ಗೆರೆ 10ಕ್ಕೆ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ: 11.5ಕ್ಕೇ ಕತ್ತರಿಸುತ್ತಾರೆ, ಹೊಲಿದಾಗ ಸೊಂಟ ಒಂಬತ್ತು ಸೆಂ.ಮೀ. ದೊಡ್ಡದಾಗಿ ಕೂರುತ್ತದೆ. ಹೊರ ವೃತ್ತ 11.5ಕ್ಕೆ 65 ಸೇರಿಸಿ 76.5, ಕೆಳಮಡಿಕೆಗೆ ಒಂದೂವರೆ, ಒಟ್ಟು 78.

110ರ ಅಗಲದಲ್ಲಿ ಪೂರ್ತಿ ವೃತ್ತ ಬರುವುದಿಲ್ಲ, ಎರಡು ಅರ್ಧವೃತ್ತ ಮಾಡಿ ಪಕ್ಕಗಳಲ್ಲಿ ಸೇರಿಸಬೇಕು. ಅರ್ಧವೃತ್ತದ ನೇರ ಅಂಚನ್ನು ದಡಿಯ ಉದ್ದಕ್ಕೆ ಇಡಿ. ಒಂದೊಂದಕ್ಕೂ ಉದ್ದ 156, ಎರಡಕ್ಕೆ 312. ಅಗಲದಲ್ಲಿ 78 ಮತ್ತು ಪಕ್ಕದ ಮಾರ್ಜಿನ್ ಒಂದೂವರೆ ಸೇರಿ 79.5. ಅಂದರೆ ಪಕ್ಕದಲ್ಲಿ 30.5 ಸೆಂ.ಮೀ. ಅಗಲದ, ಮೂರು ಮೀಟರಿಗೂ ಉದ್ದದ ಪಟ್ಟಿ ಉಳಿಯುತ್ತದೆ. ನಿಮ್ಮ ಫ್ರಾಕಿನ ಮುಂಭಾಗ ಗುಂಡಿ ಇರುವುದರಿಂದ ಎರಡು ತುಂಡು. ಒಂದು ತುಂಡಿಗೆ ಎದೆಯ ಕಾಲುಭಾಗ 23, ಸಡಿಲಕ್ಕೆ ಒಂದೂವರೆ, ಗುಂಡಿ ಪಟ್ಟಿಯ ಮೇಲೇರಿಕೆ 2, ಎರಡೂ ಕಡೆ ಮಾರ್ಜಿನ್ 3. ಒಟ್ಟು 29.5. ಕೂತುಕೊಳ್ಳುತ್ತದೆ! ಬೆನ್ನನ್ನು ನಡುವೆ ಹೊಲಿಗೆ ಇಟ್ಟು ಎರಡು ತುಂಡು ಮಾಡಿ. ಗುಂಡಿ ಪಟ್ಟಿಯ ಒಳಬಟ್ಟೆ ಬೇರೆ ತುಂಡಾಗಿರಲಿ. ಕೊನೆಯಲ್ಲಿ ಪೂರ್ತಿ ಅಗಲದ 26 ಸೆಂ.ಮೀ. ಉಳಿಯುತ್ತದೆ, ಅದು ಕಾಲರು ಮತ್ತು ಸೊಂಟಪಟ್ಟಿಗೆ.

ಅರ್ಧವೃತ್ತದ ಮೂಲೆಗಳಲ್ಲಿ ನಾಲ್ಕು ಚೂರು ಬೀಳುತ್ತವೆ. ಒಂದೊಂದರಲ್ಲೂ ಸುಮಾರು 22 ಸೆಂ.ಮೀ. ಚೌಕ ಸಿಗುತ್ತದೆ. ಅತ್ತೆ ಮತ್ತು ಮೂವರು ಗೆಳತಿಯರು, ನಾಲ್ಕು ಜನ. ಲೆಕ್ಕ ಹೀಗೆ ತಾನಾಗಿ ಕೂಡಿದ್ದು ನೋಡಿ ನನಗೇ ಖುಷಿಯಾಯಿತು.

ಮೊದಲಟಾಕಾ

ಇದನ್ನು ಎರಡು ಸಲ ಓದಿ ಕಾಗದದ ಮೇಲೆ ಬಿಡಿಸಿಕೊಂಡೆ. ನಾಲ್ಕು ಚೌಕ! ಧನ್ಯವಾದ.

ಈಗ ಇನ್ನೊಂದು ತೊಂದರೆ. ಹೊಲಿಗೆ ಯಂತ್ರವೂ ಅತ್ತೆಯದೇ, ಕಪ್ಪು ಬಣ್ಣದ್ದು, ನೇರ ಹೊಲಿಗೆ ಮಾತ್ರ. ಬೆಡ್‌ಶೀಟಿನ ಮೇಲೆ ಹೊಲಿದು ನೋಡಿದರೆ ಹತ್ತು ಟಾಕಾ ಬೀಳುವಷ್ಟರಲ್ಲಿ ದಾರ ತುಂಡಾಗುತ್ತದೆ, ಇಲ್ಲವೇ ಟಾಕಾ ಬೀಳುವುದೇ ಇಲ್ಲ. ಹೊಸ ಯಂತ್ರ ಬೇಕೇ ಬೇಕಾ?

ಎಣ್ಣೆಡಬ್ಬಿ

ಬೇಡ. ಮೊದಲು ಸೂಜಿ ನೋಡಿ. ಟಾಕಾ ತಪ್ಪುವ ಹಳೇ ಯಂತ್ರಗಳಲ್ಲಿ ನಾನು ಕಂಡ ಹೆಚ್ಚಿನವಕ್ಕೆ ಕಾಯಿಲೆ ಸೂಜಿಯದೇ. ಸೂಜಿಯ ಒಂದು ಬದಿಯಲ್ಲಿ ಉದ್ದಕ್ಕೆ ಗೀರು ಇರುತ್ತದೆ, ಇನ್ನೊಂದು ಬದಿಯ ಮೇಲ್ತುದಿ ಚಪ್ಪಟೆ. ದಾರ ಯಾವ ಕಡೆಯಿಂದ ಸೂಜಿಯ ಕಣ್ಣಿಗೆ ಹೋಗುತ್ತದೋ ಗೀರು ಆ ಕಡೆಗಿರಬೇಕು. ದಾರ ಆ ಗೀರಿನಲ್ಲಿ ಅಡಗಿ ಬಟ್ಟೆಯೊಳಗೆ ಇಳಿಯುತ್ತದೆ, ಆಚೆ ಬದಿಯಲ್ಲಿ ಕುಣಿಕೆಯಾಗುತ್ತದೆ, ಅದನ್ನು ಕೆಳಗಿನ ಕೊಕ್ಕೆ ಹಿಡಿಯುತ್ತದೆ. ಸೂಜಿ ತಿರುಗುಮುರುಗಾದರೆ ಕೊಕ್ಕೆಗೆ ಕುಣಿಕೆ ಸಿಗುವುದೇ ಇಲ್ಲ. ಈಗಿನ ಎಷ್ಟೋ ಯಂತ್ರಗಳಲ್ಲಿ ಚಪ್ಪಟೆ ಹಿಂದಕ್ಕೆ ಇರುತ್ತದೆ. ಹಳೆಯವುಗಳಲ್ಲಿ ಪಕ್ಕದಿಂದ ದಾರ ಹಾಕುವವು ಬಹಳ, ಅಲ್ಲಿ ಚಪ್ಪಟೆಯೂ ಪಕ್ಕಕ್ಕೇ. ಪಾಪ್ಲಿನ್‌ಗೆ 80/12ರ ಹೊಸ ಸೂಜಿ ಹಾಕಿ.

ಎರಡನೆಯದು ದಾರ. ಯಂತ್ರದ ಜೊತೆ ಪೆಟ್ಟಿಗೆಯಲ್ಲಿದ್ದ ಹಳೇ ರೀಲನ್ನೇ ಹಾಕಿದ್ದೀರಾ? ಎರಡೂ ಕೈಯಲ್ಲಿ ಹಿಡಿದು ಥಟ್ಟನೆ ಎಳೆಯಿರಿ. ಸಲೀಸಾಗಿ ತುಂಡಾದರೆ ಆ ಹತ್ತಿ ದಾರ ಸತ್ತಿದೆ. ಮರದ ರೀಲು ಚೆಂದ ಅಂತ ಇಟ್ಟುಕೊಳ್ಳಿ, ಹೊಲಿಯಬೇಡಿ.

ಆಮೇಲೆ ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲಿನ ಕೆಳಗೆ, ಬಾಬಿನ್ ಮನೆಯಲ್ಲಿ ತುಂಬಿರುವ ನಾರುಧೂಳನ್ನು ಕುಂಚದಿಂದ ತೆಗೆದು, ಲೋಹ ಲೋಹಕ್ಕೆ ತಾಗುವ ಪ್ರತಿ ಜಾಗಕ್ಕೂ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಅಡುಗೆಯ ಎಣ್ಣೆ ಬೇಡವೇ ಬೇಡ, ಅದು ಕಾಲಕ್ರಮೇಣ ಅಂಟಾಗಿ ಯಂತ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಎಣ್ಣೆ ಹಾಕಿದ ಮೇಲೆ ಚಿಂದಿಯ ಮೇಲೆ ಹೊಲಿದು ಹೆಚ್ಚಾದದ್ದನ್ನು ಹೊರಗೆ ಬಿಡಿ. ಹೂವಿನ ಪಾಪ್ಲಿನ್ ಆಮೇಲೆ.

ನೇರ ಹೊಲಿಗೆ ಮಾತ್ರ ಎಂದು ಬೇಸರ ಬೇಡ. ಅಂಥ ಯಂತ್ರದ ತಟ್ಟೆಯಲ್ಲಿ ಸೂಜಿ ಇಳಿಯುವ ತೂತು ಚಿಕ್ಕದು, ದುಂಡಗೆ. ಜಿಗ್‌ಜಾಗ್ ಯಂತ್ರದ ಅಗಲ ತೂತಿನಲ್ಲಿ ತೆಳು ಬಟ್ಟೆ ಒಳಕ್ಕೆ ಸಿಕ್ಕಿಕೊಳ್ಳುವಂತೆ ಇದರಲ್ಲಿ ಆಗುವುದಿಲ್ಲ. ವಾಯಿಲ್ ಮೇಲೂ ಗೆರೆ ಎಳೆದಂತೆ ಹೊಲಿಗೆ ಬೀಳುತ್ತದೆ.

ಮೊದಲಟಾಕಾ

ಸೂಜಿ ತಿರುಗುಮುರುಗಾಗೇ ಇತ್ತು! ದಾರವೂ ಎಳೆದ ಕೂಡಲೇ ತುಂಡಾಯಿತು. ಎರಡನ್ನೂ ಬದಲಿಸಿ ಎಣ್ಣೆ ಹಾಕಿದೆ. ಈಗ ಇಡೀ ಬೆಡ್‌ಶೀಟಿನ ಉದ್ದಕ್ಕೂ ಒಂದೇ ಉಸಿರಲ್ಲಿ ಹೊಲಿಯುತ್ತಿದೆ. ಅತ್ತೆ ಪಕ್ಕದ ಕೋಣೆಯಿಂದ ಸದ್ದು ಕೇಳಿಸಿಕೊಂಡು ಎದ್ದು ಬಂದರು.

ಒಳಮುಖ

ನಾನು ಹೇಳಬೇಕೆಂದಿರುವುದು ಫ್ರಾಕಿನ ಒಳಭಾಗದ ಬಗ್ಗೆ, ಏಕೆಂದರೆ ಅದನ್ನು ಎಲ್ಲರೂ ಕೊನೆಗೆ ತಳ್ಳುತ್ತಾರೆ. ಹಳೇ ಉಡುಪಿನಂತೆ ಕಾಣಬೇಕು ಎಂದು ಹೂವಿನ ಅಚ್ಚು, ಹಳೇ ಗುಂಡಿ, ಲೇಸು ಎಲ್ಲ ಹುಡುಕುತ್ತೇವೆ. ಆದರೂ ಏನೋ ಕೊರತೆ. ನಿಜವಾದ ಹಳೇ ಫ್ರಾಕೊಂದನ್ನು ಒಳಹೊರಗು ತಿರುಗಿಸಿ ನೋಡಿದ ದಿನ ನನಗೆ ಆ ಕೊರತೆ ಏನೆಂದು ತಿಳಿಯಿತು. ಮಾರ್ಜಿನ್ ಅಗಲವಾಗಿತ್ತು, ಮುಂದೆ ಬಿಚ್ಚಿ ದೊಡ್ಡದು ಮಾಡಲೆಂದು. ಅಂಚುಗಳನ್ನು ಕೈಯಿಂದ ಸುತ್ತಿ ಹೊಲಿದಿದ್ದರು. ಕೆಳಮಡಿಕೆಯ ಒಂದು ಟಾಕಾ ಕೂಡ ಹೊರಗೆ ಕಾಣುತ್ತಿರಲಿಲ್ಲ. ಪ್ರತಿ ಹೊಲಿಗೆಯನ್ನೂ ಇಸ್ತ್ರಿಯಿಂದ ಬಿಡಿಸಿ ಕೂರಿಸಿದ್ದರು. ಮೈಮೇಲೆ ಆ ಉಡುಪು ಹಾಗೆ ನಿಲ್ಲುವುದು ಇವುಗಳಿಂದಲೇ.

ಹಾಗಾಗಿ ನನ್ನ ಬಿನ್ನಹ: ಓವರ್‌ಲಾಕ್ (ಎಳೆ ಬಿಡದಂತೆ ಅಂಚಿಗೆ ಯಂತ್ರದಲ್ಲಿ ಸುತ್ತುವ ಹೊಲಿಗೆ) ಮಾಡಿಸಬೇಡಿ. ಮನೆಯಲ್ಲಿಟ್ಟುಕೊಳ್ಳುವ ಓವರ್‌ಲಾಕ್ ಯಂತ್ರ ಬಂದದ್ದೇ 1960ರ ದಶಕದಲ್ಲಿ, ನಿಮ್ಮ ಪ್ಯಾಟರ್ನ್ ಅದಕ್ಕೂ ಹಿಂದಿನದು. ಪಾಪ್ಲಿನ್‌ಗೆ ಫ್ರೆಂಚ್ ಹೊಲಿಗೆ ಚೆನ್ನಾಗಿ ಒಪ್ಪುತ್ತದೆ. ಬಟ್ಟೆಯ ಒಳಬದಿಗೆ ಒಳಬದಿ ಸೇರಿಸಿ ಆರು ಮಿ.ಮೀ.ಗೆ ಒಂದು ಹೊಲಿಗೆ, ಅಂಚನ್ನು ಮೂರು ಮಿ.ಮೀ.ಗೆ ಕತ್ತರಿಸಿ, ತಿರುಗಿಸಿ ಇಸ್ತ್ರಿ ಮಾಡಿ, ಈಗ ಹೊರಬದಿಗಳು ಸೇರಿದಂತೆ ಒಂಬತ್ತು ಮಿ.ಮೀ.ಗೆ ಇನ್ನೊಂದು. ಒಟ್ಟು ಹದಿನೈದು, ನಿಮ್ಮ ಮಾರ್ಜಿನ್‌ನಷ್ಟೇ. ಹಸಿ ಅಂಚು ಹೊಲಿಗೆಯೊಳಗೇ ಹೂತುಹೋಗುತ್ತದೆ. ಕಂಕುಳ ತಿರುವಿನಲ್ಲಿ ಮಾತ್ರ ಇದು ಒರಟಾಗುತ್ತದೆ, ಅಲ್ಲಿ ಓರೆ ಪಟ್ಟಿ (ಎಳೆಗೆ ಓರೆಯಾಗಿ ಕತ್ತರಿಸಿದ ಪಟ್ಟಿ) ಸುತ್ತಿ.

ಇಸ್ತ್ರಿಯನ್ನು ಬಟ್ಟೆಯ ಮೇಲೆ ಎಳೆಯಬೇಡಿ. ಎತ್ತಿ ಒತ್ತಿ, ಮತ್ತೆ ಎತ್ತಿ ಒತ್ತಿ. ಒಂದು ಹೊಲಿಗೆಯನ್ನು ಇನ್ನೊಂದು ಹೊಲಿಗೆ ದಾಟುವ ಮೊದಲು ಮೊದಲನೆಯದಕ್ಕೆ ಇಸ್ತ್ರಿ ಆಗಿರಲೇಬೇಕು. ನಾನು ಹೊಲಿಯುವ ಹೊತ್ತಿನಷ್ಟೇ ಹೊತ್ತು ಇಸ್ತ್ರಿ ಮೇಜಿನ ಮುಂದೆ ನಿಂತಿರುತ್ತೇನೆ, ಅದರಲ್ಲಿ ಒಂದು ನಿಮಿಷವೂ ದಂಡ ಅನ್ನಿಸಿಲ್ಲ.

ಮೂರುದಾರ

ಓವರ್‌ಲಾಕ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ನನಗೆ ಎರಡು ಚಿಕ್ಕ ಮಕ್ಕಳು, ಹೊಲಿಗೆಗೆ ಸಿಗುವುದು ರಾತ್ರಿ ಒಂದು ಗಂಟೆ. ಫ್ರೆಂಚ್ ಹೊಲಿಗೆಯೇ ಹಾಕಬೇಕು ಎಂದು ಹಟ ಹಿಡಿದಿದ್ದರೆ ನನ್ನ ಮೊದಲ ಫ್ರಾಕು ಇವತ್ತಿಗೂ ಚೀಲದಲ್ಲೇ ಇರುತ್ತಿತ್ತು. ಪದೇಪದೇ ಒಗೆಯುವ ಉಡುಪಿಗೆ ಓವರ್‌ಲಾಕ್ ಗಟ್ಟಿ, ಬೇಗ ಮುಗಿಯುತ್ತದೆ, ಎಳೆ ಬಿಡುವುದಿಲ್ಲ. ಹಳೆಯ ಆಕಾರವನ್ನು ಇಷ್ಟಪಡುವವರು ಹಳೆಯ ವಿಧಾನವನ್ನೂ ಪಾಲಿಸಲೇಬೇಕೆಂದರೆ ಹೊಸಬರು ಹೆದರಿ ದೂರ ಉಳಿಯುತ್ತಾರೆ. ಅದು ನನಗೆ ಇಷ್ಟವಿಲ್ಲ.

ಒಳಮುಖ

ನೀವು ಹೇಳಿದ್ದು ನ್ಯಾಯವೇ. ನಾನು ಬೇಡವೆಂದದ್ದು ಮೊದಲಟಾಕಾ ಅವರ ಈ ಒಂದು ಫ್ರಾಕಿಗೆ, ಏಕೆಂದರೆ ಅವರ ಬಳಿ ಇರುವುದೂ ನೇರ ಹೊಲಿಗೆಯ ಯಂತ್ರವೇ, ಫ್ರೆಂಚ್ ಹೊಲಿಗೆಗೆ ಅಷ್ಟೇ ಸಾಕು. ದಿನಬಳಕೆಯ ಉಡುಪಿಗೆ ನಾನೂ ಓವರ್‌ಲಾಕ್ ಹಾಕುತ್ತೇನೆ. ಇಸ್ತ್ರಿಯ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಾರೆ.

ಓರೆಎಳೆ

ಮೂರೂವರೆ ಮೀಟರ್ ಇಲ್ಲದವರಿಗೂ ಒಂದು ಮಾತು. ಹಳೇ ಶೈಲಿ ಎಂದ ಕೂಡಲೇ ಎಲ್ಲರೂ ಬೀಸು ಸ್ಕರ್ಟನ್ನೇ ನೆನೆಯುತ್ತಾರೆ. ಆ ಬೀಸು ಬಂದದ್ದು 1947ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಮೊದಲ ಸಂಗ್ರಹ ತೋರಿಸಿದ ಮೇಲೆ. ಅದಕ್ಕೆ ಹಿಂದಿನ ವರ್ಷಗಳು ಯುದ್ಧದವು. ಬ್ರಿಟನ್ನಿನಲ್ಲಿ 1941ರ ಜೂನ್‌ನಿಂದ 1949ರವರೆಗೆ ಬಟ್ಟೆಗೆ ಪಡಿತರ ಇತ್ತು, ಮೊದಲ ವರ್ಷ ತಲೆಗೆ 66 ಕೂಪನ್. ನೆರಿಗೆ ಎಷ್ಟಿರಬೇಕು, ಗುಂಡಿ ಎಷ್ಟಿರಬೇಕು ಎಂಬುದಕ್ಕೂ ಸರ್ಕಾರದ ಮಿತಿ. ಅಮೆರಿಕದಲ್ಲೂ 1942ರಲ್ಲಿ ಸ್ಕರ್ಟಿನ ಸುತ್ತಳತೆಗೆ ಮಿತಿ ಹಾಕಿದರು. 40ರ ದಶಕದ ಆ ನೇರ, ಮೊಣಕಾಲಿಗೆ ನಿಲ್ಲುವ ಸ್ಕರ್ಟು, ಚೌಕ ಭುಜ ಹುಟ್ಟಿದ್ದರಲ್ಲಿ ಬಟ್ಟೆಯ ಅಭಾವದ ಪಾಲೂ ಇದೆ. ಹಾಗಾಗಿ ಕೈಯಲ್ಲಿ ಎರಡು ಮೀಟರ್ ಇದ್ದರೆ 40ರ ದಶಕದ ಪ್ಯಾಟರ್ನ್ ಹುಡುಕಿ. ಕಡಿಮೆ ಬಟ್ಟೆಯಲ್ಲಿ ಚೆಂದ ಕಾಣಿಸಲೆಂದೇ ಬುದ್ಧಿ ಖರ್ಚು ಮಾಡಿದ ಕಟಿಂಗ್ ಅದು.

ನನ್ನ ಮನಸ್ಸು ಸೋತಿರುವುದು ಮಾತ್ರ 30ರ ದಶಕದ ಓರೆ ಕಟಿಂಗ್‌ಗೆ. ಮದಲೀನ್ ವಿಯೊನೆ ಎಂಬ ಫ್ರೆಂಚ್ ಮಹಿಳೆ ಚಿಕ್ಕ ಮರದ ಗೊಂಬೆಯೊಂದರ ಮೇಲೆ ಬಟ್ಟೆ ಹೊದಿಸಿ ನೋಡಿ ನೋಡಿ ಆ ವಿದ್ಯೆಯನ್ನು ಎತ್ತರಕ್ಕೆ ಒಯ್ದಳು. ಹಾಸೂ ಅಲ್ಲದ ಹೊಕ್ಕೂ ಅಲ್ಲದ 45 ಡಿಗ್ರಿಯಲ್ಲಿ ಕತ್ತರಿಸಿದ ಬಟ್ಟೆ ಮೈಯನ್ನು ನೀರಿನ ಹಾಗೆ ಹಿಂಬಾಲಿಸುತ್ತದೆ. ಮೊದಲಟಾಕಾ ಅವರಿಗೂ ಇದರಿಂದ ಒಂದು ಪಾಠ ಇದೆ: ವೃತ್ತದ ಸ್ಕರ್ಟಿನಲ್ಲೂ ಒಂದಷ್ಟು ಭಾಗ ಓರೆಗೇ ಬೀಳುತ್ತದೆ, ಆ ಭಾಗ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಸೊಂಟ ಸೇರಿಸಿದ ಮೇಲೆ ಕನಿಷ್ಠ ಒಂದು ದಿನ ಫ್ರಾಕನ್ನು ನೇತುಹಾಕಿ. ಆಮೇಲೆ ನೀವು ಹಾಕಿಕೊಂಡು ನಿಲ್ಲಿ, ಇನ್ನೊಬ್ಬರು ನೆಲದಿಂದ ಒಂದೇ ಎತ್ತರಕ್ಕೆ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಅದಾದ ಮೇಲೆಯೇ ಕೆಳಮಡಿಕೆ.

ಬಿಳಿಗುಂಡಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ 1930ರ ದಶಕದ ಒಂದು ರೇಷ್ಮೆ ಫ್ರಾಕಿದೆ, ಮಡಿಕೆಗಳಲ್ಲಿ ಸೀಳುಬಿಟ್ಟಿದೆ. ಅದನ್ನು ಬಿಚ್ಚಿ ಗೆಳತಿಯ ಮದುವೆ ಉಡುಗೊರೆಗೆ ಚಿಕ್ಕ ಪರ್ಸ್ ಹೊಲಿಯಲೇ?

ಒಳಮುಖ

ಬೇಡ, ಎರಡು ಕಾರಣಕ್ಕೆ. ಆ ಕಾಲದಲ್ಲಿ ರೇಷ್ಮೆಗೆ ತೂಕ ಬರಲೆಂದು ತವರ ಮುಂತಾದ ಲೋಹಗಳ ಲವಣ ಕುಡಿಸುತ್ತಿದ್ದರು. ಕಾಲ ಕಳೆದಂತೆ ಅದೇ ಲವಣ ಎಳೆಯನ್ನು ತಿನ್ನುತ್ತದೆ, ಬಟ್ಟೆ ಮಡಿಕೆಗುಂಟ ಸೀಳುತ್ತದೆ. ನೀವು ಹೇಳುವುದು ಅದನ್ನೇ ಹೋಲುತ್ತದೆ. ಹಾಗೆ ಸೀಳುವ ರೇಷ್ಮೆ ಸೂಜಿಯ ತೂತನ್ನೂ ತಡೆಯುವುದಿಲ್ಲ, ನಿಮ್ಮ ಪರ್ಸ್ ಒಂದು ವರ್ಷ ಬಾಳದು. ಎರಡನೆಯದು, ಆ ಫ್ರಾಕಿನಿಂದ ಕಲಿಯುವುದು ಇನ್ನೂ ಬಹಳ ಇದೆ. ಬಿಚ್ಚದೆ ಮೇಜಿನ ಮೇಲೆ ಹರಡಿ, ತುಂಡು ತುಂಡಾಗಿ ಅಳೆದು ಕಾಗದಕ್ಕೆ ಇಳಿಸಿಕೊಳ್ಳಿ. ಅದೇ ಆಕಾರವನ್ನು ಹೊಸ ಬಟ್ಟೆಯಲ್ಲಿ ಎಷ್ಟು ಸಲ ಬೇಕಾದರೂ ಹೊಲಿಯಬಹುದು. ಮೂಲವನ್ನು ಆಮ್ಲವಿಲ್ಲದ ಕಾಗದದಲ್ಲಿ ಮಲಗಿಸಿ ಇಡಿ, ಹ್ಯಾಂಗರಿಗೆ ಹಾಕಬೇಡಿ.

ಬಿಳಿಗುಂಡಿ

ಅಳೆಯಲು ಕೂತಿದ್ದೇನೆ. ಪಕ್ಕದ ಹೊಲಿಗೆಯಲ್ಲಿ ಹದಿಮೂರು ಚಿಟಿಕೆಗುಂಡಿ ಇವೆ, ಜಿಪ್ ಇಲ್ಲ.

ಹಳೇಸೂಜಿ

ಆ ಕಾಲಕ್ಕೆ ಸಹಜವೇ. ಗಿಡಿಯಾನ್ ಸುಂಡ್‌ಬ್ಯಾಕ್‌ನ ಜಿಪ್‌ಗೆ 1917ರಲ್ಲಿ ಪೇಟೆಂಟ್ ಸಿಕ್ಕಿತ್ತು, ಹೆಂಗಸರ ಫ್ರಾಕುಗಳಿಗೆ ಅದು ಹೊಕ್ಕದ್ದು 30ರ ದಶಕದಲ್ಲಿ, ಹೆಚ್ಚಾಗಿ ಎಡಪಕ್ಕದ ಹೊಲಿಗೆಯಲ್ಲಿ. ಚಿಟಿಕೆಗುಂಡಿಗಳ ನಡುವಿನ ಅಂತರವನ್ನೂ ಬರೆದುಕೊಳ್ಳಿ.

ಮೊದಲಟಾಕಾ

ಬೆಡ್‌ಶೀಟಿನ ಮೇಲುಭಾಗ ಹೊಲಿದು ಹಾಕಿಕೊಂಡೆ. ಎದೆಗೆ ಸರಿಯಾಗಿದೆ. ಆದರೆ ಡಾಟಿನ ತುದಿ ಮೂರು ಸೆಂ.ಮೀ. ಮೇಲೆ ನಿಂತಿದೆ, ಬೆನ್ನಿನಲ್ಲಿ ಸೊಂಟದ ಮೇಲೆ ಅಡ್ಡ ಸುಕ್ಕು. ಬಿಚ್ಚಿ ಮತ್ತೆ ಕಾಗದದಿಂದ ಶುರು ಮಾಡಬೇಕಾ?

ಹಳೇಸೂಜಿ

ಬೇಡ. ಡಾಟಿನ ಬುಡ ಪಕ್ಕದಲ್ಲಿದ್ದರೆ ಇಡೀ ಡಾಟನ್ನೇ ಮೂರು ಸೆಂ.ಮೀ. ಕೆಳಗಿಳಿಸಿ, ಸೊಂಟದಿಂದ ಏಳುವ ಡಾಟಾದರೆ ತುದಿಯನ್ನಷ್ಟೇ ಮೊಟಕು ಮಾಡಿ. ಬೆನ್ನಿನ ಅಡ್ಡ ಸುಕ್ಕು ಅಂದರೆ ಬೆನ್ನು ಉದ್ದ ಹೆಚ್ಚಾಗಿದೆ. ಸುಕ್ಕನ್ನು ಬೆರಳಲ್ಲಿ ಹಿಡಿದು ಪಿನ್ನು ಚುಚ್ಚಿ, ಅಷ್ಟನ್ನು ನಕಲಿನಲ್ಲಿ ಮಡಚಿ. ಬೆಡ್‌ಶೀಟು ತನ್ನ ಕೆಲಸ ಮಾಡಿತು.

ಚಿಂದಿಪೆಟ್ಟಿಗೆ

ಉಡುಗೊರೆಯ ಮಾತು ಬಂತು ಎಂದೇ ಬರೆಯುತ್ತಿದ್ದೇನೆ, ನನ್ನ ಹೊಲಿಗೆಯಲ್ಲಿ ಅರ್ಧಕ್ಕೂ ಹೆಚ್ಚು ಬೇರೆಯವರಿಗಾಗಿ.

22 ಸೆಂ.ಮೀ. ಚೌಕ ಅಂದರೆ ಸಾಕಷ್ಟು ದೊಡ್ಡದು. ಹೊಲಿಯುವ ಗೆಳತಿಗಾದರೆ ಸೂಜಿಪುಸ್ತಕ ಮಾಡಿ. ಚೌಕವನ್ನು ಎರಡು ಮಾಡಿ ಹೊರಗೂ ಒಳಗೂ ಅದೇ ಬಟ್ಟೆ, ನಡುವೆ ತೆಳು ಹಾಸು (ಮೆತ್ತನೆಯ ಒಳಪದರ), ಒಳಗೆ ಉಣ್ಣೆಯ ಫೆಲ್ಟಿನ ಎರಡು ಹಾಳೆ, ಮಧ್ಯದಲ್ಲಿ ಒಂದು ಹೊಲಿಗೆ. ಫೆಲ್ಟು ಉಣ್ಣೆಯದೇ ಇರಲಿ. ಸೂಜಿದಿಂಬಿಗೂ ಇದೇ ಮಾತು: ಅಗ್ಗದ ಪಾಲಿಯೆಸ್ಟರ್ ಹತ್ತಿ ತುಂಬಿದರೆ ದಿಂಬು ಹಗುರಾಗಿ ಮೇಜಿನ ಮೇಲೆ ಜಾರುತ್ತದೆ, ಉಣ್ಣೆಯ ನಾರು ತುಂಬಿದರೆ ಭಾರವಾಗಿ ಕೂರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಹಳೇ ಕಾಲದ ಟೊಮೆಟೊ ಆಕಾರದ ಸೂಜಿದಿಂಬಿಗೆ ತೂಗುಬಿಟ್ಟ ಪುಟ್ಟ ಸ್ಟ್ರಾಬೆರಿ ನೋಡಿದ್ದೀರಲ್ಲ, ಅದು ಬರೀ ಅಲಂಕಾರವಲ್ಲ. ಅದರೊಳಗೆ ಎಮರಿ ಪುಡಿ, ಲೋಹ ಉಜ್ಜುವ ಒರಟು ಕಲ್ಲಿನ ಪುಡಿ. ಸೂಜಿಯನ್ನು ನಾಲ್ಕು ಸಲ ಚುಚ್ಚಿ ತೆಗೆದರೆ ತುಕ್ಕು, ಜಿಡ್ಡು ಹೋಗುತ್ತದೆ.

ಬಟ್ಟೆಯ ಕಪಾಟಿಗೆ ಇಡುವ ಲ್ಯಾವೆಂಡರ್ ಚೀಲ ಎಲ್ಲಕ್ಕಿಂತ ಸುಲಭ. ಆದರೆ ಒಣಹೂವನ್ನು ನೇರವಾಗಿ ತುಂಬಬೇಡಿ. ತೆಳುಬಟ್ಟೆಯ ಒಳಚೀಲದಲ್ಲಿ ತುಂಬಿ, ಹೊರಚೀಲಕ್ಕೆ ದಾರದ ಕಟ್ಟು ಇಡಿ. ಹೊರಗಿನದನ್ನು ಒಗೆಯಬಹುದು, ವಾಸನೆ ಹೋದಾಗ ಒಳಗಿನದನ್ನು ಬದಲಿಸಬಹುದು. ಎಣ್ಣೆಯನ್ನು ಮೇಲೆ ಸಿಂಪಡಿಸಿದರೆ ಕಲೆ ಕೂರುತ್ತದೆ, ಕಪಾಟಿನ ಬಟ್ಟೆಗೂ ಹತ್ತುತ್ತದೆ.

ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹೊಲಿಯುವುದಾದರೆ ಒಳಗಿನ ಹಾಸು, ದಾರ, ಎಲ್ಲವೂ ಹತ್ತಿಯದೇ ಆಗಬೇಕು. ಪಾಲಿಯೆಸ್ಟರ್ ಹಾಸು ಕಾವಿಗೆ ಕರಗುತ್ತದೆ. ಇದನ್ನು ನಾನು ಪುನಃ ಪುನಃ ಹೇಳುತ್ತೇನೆ, ಏಕೆಂದರೆ ನಾನು ಕೊಟ್ಟ ಮೊದಲ ಜೊತೆಯಿಂದ ನನ್ನ ಅಕ್ಕನ ಬೆರಳು ಸುಟ್ಟಿತು. ಬಟ್ಟೆ ಚೆಂದವಿತ್ತು, ಒಳಗೇನು ಹಾಕುತ್ತಿದ್ದೇನೆ ಎಂದು ನಾನು ನೋಡಿರಲಿಲ್ಲ. ಹಾಸು ಯಾವುದೆಂದು ಗೊತ್ತಿಲ್ಲದಿದ್ದರೆ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು, ನೀರು ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡಿ. ಹತ್ತಿಗೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ, ರೇಷ್ಮೆಗೆ ಕೂದಲು ಸುಟ್ಟ ವಾಸನೆ.

ಓರೆ ಪಟ್ಟಿ ಎಷ್ಟು ಬರುತ್ತದೆ ಎಂದು ತಿಳಿಯಲು ಚೌಕದ ವಿಸ್ತೀರ್ಣವನ್ನು ಪಟ್ಟಿಯ ಅಗಲದಿಂದ ಭಾಗಿಸಿ. 22ರ ಚೌಕದಿಂದ 4 ಸೆಂ.ಮೀ. ಪಟ್ಟಿ ತೆಗೆದರೆ 484 ಭಾಗಿಸು 4, ಸುಮಾರು 120 ಸೆಂ.ಮೀ. ಒಂದು ಚೌಕವನ್ನು ಪಟ್ಟಿಗೆಂದೇ ಕೊಟ್ಟರೆ ಉಳಿದ ಮೂರರಲ್ಲಿ ಒಂದರ ಸುತ್ತಲಿನ ಅಂಚಿಗೆ ಸಾಕಾಗುತ್ತದೆ. ಆದರೆ ನಿಮಗೆ ನಾಲ್ಕೂ ಬೇಕಲ್ಲ, ಹಾಗಾದರೆ ಪಟ್ಟಿಗೆ ಬೇರೆ ಒಂದೇ ಬಣ್ಣದ ಬಟ್ಟೆ ಹುಡುಕಿ.

ಮೂರುದಾರ

ಮಗುವಿಗೆ ಗೊಂಬೆ ಹೊಲಿಯುವವರಿಗೆ ಒಂದೇ ಮಾತು ಸೇರಿಸುತ್ತೇನೆ. ಮೂರು ವರ್ಷದೊಳಗಿನ ಮಗುವಾದರೆ ಗುಂಡಿಯ ಕಣ್ಣು ಬೇಡ, ಮಣಿ ಬೇಡ. ಎಷ್ಟು ಗಟ್ಟಿ ಹೊಲಿದರೂ ಜಗಿದು ಜಗಿದು ಕೀಳುತ್ತಾರೆ, ಗಂಟಲಲ್ಲಿ ಸಿಕ್ಕುತ್ತದೆ. ಕಣ್ಣು ಬಾಯಿ ಎಲ್ಲ ಕಸೂತಿಯಲ್ಲಿ ಬರಲಿ. ಹಳೇ ಗೊಂಬೆಗಳ ಮುಖ ಕಸೂತಿಯಲ್ಲೇ ಹೆಚ್ಚು ಮುದ್ದು.

ಮೊದಲಟಾಕಾ

ಮೂರು ವಾರ ಆಯಿತು. ಫ್ರಾಕಿನ ಹೊಲಿಗೆ ಮುಗಿದಿದೆ, ಕಾಜಾ (ಗುಂಡಿ ತೂರಿಸುವ ಸೀಳು) ಬಿಟ್ಟು.

ಫ್ರೆಂಚ್ ಹೊಲಿಗೆಯನ್ನೇ ಹಾಕಿದೆ. ಒಂದು ಪಕ್ಕವನ್ನು ಮೊದಲೇ ಹೊರಬದಿ ಸೇರಿಸಿ ಹೊಲಿದು ಬಿಚ್ಚಬೇಕಾಯಿತು, ಎರಡನೇ ಪಕ್ಕ ಸರಿಯಾಗಿ ಬಂತು. ಎರಡು ದಿನ ನೇತುಹಾಕಿದ್ದೆ. ಅತ್ತೆ ನೆಲದ ಮೇಲೆ ಕೂತು ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ನೋಡಿದರೆ ಓರೆ ಬಿದ್ದ ನಾಲ್ಕು ಕಡೆ ಎರಡೂವರೆ ಸೆಂ.ಮೀ.ವರೆಗೆ ಇಳಿದಿತ್ತು! ಕತ್ತರಿಸಿ ಸಮ ಮಾಡಿ ಸಣ್ಣ ಕೆಳಮಡಿಕೆಯನ್ನು ಕೈಯಲ್ಲೇ ಹೊಲಿದೆ. ಸುತ್ತಳತೆ ಹೆಚ್ಚುಕಡಿಮೆ ನಾಲ್ಕೂಮುಕ್ಕಾಲು ಮೀಟರ್, ನಾಲ್ಕು ಸಂಜೆ ಹಿಡಿಯಿತು. ಕೊನೆಯ ಸಂಜೆ ಅತ್ತೆಯೂ ಇನ್ನೊಂದು ಸೂಜಿ ಹಿಡಿದು ಆಚೆ ತುದಿಯಿಂದ ಹೊಲಿಯುತ್ತ ಬಂದರು, ಇಬ್ಬರೂ ಎಡಪಕ್ಕದ ಹೊಲಿಗೆಯ ಹತ್ತಿರ ಸೇರಿದೆವು. ಅವರ ಟಾಕಾ ನನ್ನದಕ್ಕಿಂತ ಚಿಕ್ಕದು, ಎಲ್ಲಿ ಬದಲಾಗಿದೆ ಎಂದು ಒಳಗಿನಿಂದ ನೋಡಿದರೆ ಗೊತ್ತಾಗುತ್ತದೆ. ಅದನ್ನು ಬಿಚ್ಚಿ ಒಂದೇ ಥರ ಮಾಡುವುದಿಲ್ಲ.

ನಾಲ್ಕು ಚೌಕದಲ್ಲಿ ಎರಡು ಸೂಜಿಪುಸ್ತಕ, ಒಂದು ಲ್ಯಾವೆಂಡರ್ ಚೀಲ ಆಯಿತು. ನಾಲ್ಕನೆಯದು ಅತ್ತೆಗೆ, ಉಣ್ಣೆ ತುಂಬಿದ ಸೂಜಿದಿಂಬು. ಅದು ಈಗಾಗಲೇ ಯಂತ್ರದ ಪಕ್ಕ ಕೂತಿದೆ.

ಈಗ ಕಾಜಾ. ಆರು ಗುಂಡಿ ಇವೆ, ಯಂತ್ರದಲ್ಲಿ ಕಾಜಾ ಬರುವುದಿಲ್ಲ. ಎಲ್ಲಿ ಗುರುತು ಹಾಕಲಿ, ಅಡ್ಡವೋ ಉದ್ದವೋ?

ಹಳೇಸೂಜಿ

ಕೊರಳಿನಿಂದ ಸಮ ಅಂತರ ಹಾಕುತ್ತ ಬರಬೇಡಿ. ಫ್ರಾಕು ಹಾಕಿಕೊಂಡು ಎದೆಯ ಅತಿ ಅಗಲದ ಗೆರೆಗೆ ಮೊದಲ ಪಿನ್ನು ಚುಚ್ಚಿ, ಬಾಯಿ ಬಿಡುವುದು ಅಲ್ಲೇ. ಎರಡನೆಯದು ಕೊರಳಿಗೆ, ಮೂರನೆಯದು ಸೊಂಟಪಟ್ಟಿಗೆ ಸ್ವಲ್ಪ ಮೇಲೆ. ಉಳಿದ ಮೂರನ್ನು ಇವುಗಳ ನಡುವೆ ಹಂಚಿ. ಅಂತರ ಚೂರು ಹೆಚ್ಚುಕಡಿಮೆಯಾದರೆ ಎದೆಯ ಪಿನ್ನನ್ನು ಬಿಟ್ಟು ಬೇರೆಯವನ್ನು ಸರಿಸಿ.

ಅಡ್ಡ ಕಾಜಾ ಮಾಡಿ, ಎಳೆತ ಬಿದ್ದಾಗ ಗುಂಡಿ ಕಾಜಾದ ತುದಿಗೆ ಹೋಗಿ ನಿಲ್ಲುತ್ತದೆ, ತೆರೆಯುವುದಿಲ್ಲ. ನಡುಗೆರೆಯಿಂದ ಅಂಚಿನ ಕಡೆಗೆ ಮೂರು ಮಿ.ಮೀ. ಮುಂದೆ ಶುರುವಾಗಲಿ. ಒಳಗೆ ಕ್ಯಾನ್ವಾಸ್ (ಪಟ್ಟಿಯನ್ನು ಗಟ್ಟಿಮಾಡುವ ಒಳಬಟ್ಟೆ) ಇದೆಯೆಂದು ಖಚಿತ ಮಾಡಿಕೊಂಡು, ಸೀಳು ಹಾಕಬೇಕಾದ ಗೆರೆಯ ಸುತ್ತ ಸಣ್ಣ ಟಾಕಾದಲ್ಲಿ ಒಂದು ಸುತ್ತು ಹೊಲಿಯಿರಿ. ಆಮೇಲೆ ಸೀಳಿ, ಅಂಚನ್ನು ಸಡಿಲವಾಗಿ ಸುತ್ತಿ, ಅದರ ಮೇಲೆ ಕಾಜಾ ಟಾಕಾ, ಗಂಟುಗಳು ಸೀಳಿನ ಬಾಯಿಗೆ ಸಾಲಾಗಿ ಬರುವಂತೆ. ಚಿಂದಿಯ ಮೇಲೆ ಎರಡು ಮೂರು ಮಾಡಿ ನೋಡದೆ ಫ್ರಾಕಿಗೆ ಕತ್ತರಿ ಇಡಬೇಡಿ.

ಮೊದಲಟಾಕಾ

ಚಿಂದಿಯ ಮೇಲೆ ಮೂರು ಮಾಡಿದೆ. ಮೂರನೆಯದನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಮಾಡು ಅಂದರು. ಮಾಡುತ್ತಿದ್ದೇನೆ.